ಡಿಸ್ಕ್ ಬದಲಿಸಿದ ಮೇಲೂ ಸರ್ವರ್ ಎರರ್ ನಿಲ್ಲದಿದ್ದರೆ

ವಿಜಯಪುರದ ಸುತ್ತಮುತ್ತ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜುಗಳು, ಪತ್ತಿನ ಸಹಕಾರಿ ಸಂಘಗಳು, ಒಂದೆರಡು ಕಾಲೇಜುಗಳು. ಇವುಗಳ ಲಿನಕ್ಸ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಬಹುತೇಕ ಸಣ್ಣ ಸರ್ವರುಗಳು: ಎರಡು ಸಾಟಾ ಡಿಸ್ಕ್, ಸಾಫ್ಟ್‌ವೇರ್ ರೇಡ್-1 (ಎರಡೂ ಡಿಸ್ಕಿನಲ್ಲಿ ಒಂದೇ ದತ್ತಾಂಶ ಇಡುವ ವ್ಯವಸ್ಥೆ), ಮೇಲೆ ಡೆಬಿಯನ್ ಲಿನಕ್ಸ್. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಡಿಸ್ಕುಗಳು ಕೈಕೊಡುವುದೂ ಆಗಲೇ. ಹುಬ್ಬಳ್ಳಿಯಿಂದ ಬಸ್ ಪಾರ್ಸೆಲ್‌ನಲ್ಲಿ ಹೊಸ ಡಿಸ್ಕ್ ತರಿಸಿ, ಹಾಕಿ, ರೇಡ್ ಪೂರ್ತಿ ಸಿಂಕ್ ಆಗುವವರೆಗೆ ಕಾದು ಬರುತ್ತೇನೆ. ಮರುದಿನ ಫೋನ್ ಬರುತ್ತದೆ: "ಸರ, ಹೊಸಾ ಡಿಸ್ಕ್ ಹಾಕೀರಿ, ಮತ್ತ ಅದೇ ಎರರ್ ಬರಾಕತ್ತೈತಲ್ರಿ. ಹೊಸಾದೂ ಕೆಟ್ಟೈತೇನ್ರಿ?"

ಹೆಚ್ಚಿನ ಸಲ ಕೆಟ್ಟಿರುವುದಿಲ್ಲ. ಹೊಲ ಕೈಬದಲಾದ ಮೇಲೂ ಉತಾರದಲ್ಲಿ (ಪಹಣಿಯಲ್ಲಿ) ಹಳೇ ಮಾಲೀಕನ ಹೆಸರು ಉಳಿದಿರುವ ಹಾಗೆ, ತೆಗೆದುಹಾಕಿದ ಡಿಸ್ಕಿನ ಗುರುತು ಸರ್ವರ್‌ನೊಳಗೆ ಹತ್ತು ಕಡೆ ಉಳಿದಿರುತ್ತದೆ. ಬೂಟ್ ಆಗುವಾಗ ಒಂದು ಪ್ರೋಗ್ರಾಂ ಅದನ್ನು ಹುಡುಕುತ್ತದೆ, ಮೇಲ್ ಕಳಿಸುವ ಇನ್ನೊಂದು ಪ್ರೋಗ್ರಾಂ ಕೂಡ ಹುಡುಕುತ್ತದೆ, ಸಿಗದಿದ್ದಾಗ ಎರರ್ ಬರೆಯುತ್ತವೆ. ಕೆಲವು ಸಲ ಮಾತ್ರ ಎರರ್ ನಿಜವಾದದ್ದು, ಈ ಕ್ಷಣದ್ದು. ಆಗಲೂ ತಪ್ಪು ಹೊಸ ಡಿಸ್ಕಿನದಾಗಿರುವುದು ಅಪರೂಪ. ಹಳೇ ನೆನಪು ಯಾವುದು, ಈಗಿನ ತೊಂದರೆ ಯಾವುದು ಎಂದು ಬೇರ್ಪಡಿಸುವುದೇ ಇಲ್ಲಿ ಮುಖ್ಯ ಕೆಲಸ. ಹಾಗಾಗಿ ಮೊದಲ ಮಾತು: ಲಾಗ್ ಅಳಿಸಬೇಡಿ, ಕೌಂಟರ್ ಸೊನ್ನೆ ಮಾಡಬೇಡಿ, ಮೇಲ್ ಬಂದ್ ಮಾಡಬೇಡಿ. ಎರರ್ ಬರೆದವರು ಯಾರೆಂದು ಗೊತ್ತಾಗುವವರೆಗೆ ಅದೇ ನಿಮ್ಮ ಸಾಕ್ಷಿ.

ಕಮಾಂಡುಗಳನ್ನು ಓದುವ ರೀತಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ, ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ.

ಯಾವಾಗ, ಯಾರು, ಯಾವ ಡಿಸ್ಕು

ಮೊದಲು ಹೊತ್ತು ನೋಡಿ. ‘ಜರ್ನಲ್‌ಸಿಟಿಎಲ್ -ಬಿ -ಪಿ ಎರ್’ ಕೊಟ್ಟರೆ ಈ ಬೂಟ್ ಆದ ಮೇಲಿನ ಎರರುಗಳು ಮಾತ್ರ ಬರುತ್ತವೆ. ಜೊತೆಗೆ ‘-ಕೆ’ ಸೇರಿಸಿದರೆ ಕರ್ನಲ್ (ಲಿನಕ್ಸಿನ ತಿರುಳು) ಹೇಳಿದ್ದಷ್ಟೇ ಕಾಣುತ್ತದೆ. ಹಿಂದಿನ ಬೂಟಿನದು ಬೇಕಿದ್ದರೆ ‘-ಬಿ -1’. ಡಿಸ್ಕ್ ಬದಲಿಸಿದ ಹೊತ್ತು ನಿಮ್ಮ ಡೈರಿಯಲ್ಲಿ ಇರಬೇಕು. ಅದಕ್ಕಿಂತ ಹಿಂದಿನ ಸಾಲುಗಳನ್ನೆಲ್ಲ ಪಕ್ಕಕ್ಕಿಡಿ. ದಿನಕ್ಕೊಮ್ಮೆ ಲಾಗ್ ಸಾರಾಂಶ ಕಳಿಸುವ ವ್ಯವಸ್ಥೆ ಇದ್ದಲ್ಲಿ ಇಂದಿನ ಮೇಲ್‌ನಲ್ಲಿ ನಿನ್ನೆಯ ಎರರ್ ಇರುತ್ತದೆ. ಗಾಬರಿಯ ಫೋನುಗಳಲ್ಲಿ ಒಂದು ಪಾಲು ಇಲ್ಲೇ ಮುಗಿಯುತ್ತದೆ.

ಆಮೇಲೆ ಡಿಸ್ಕಿನ ಗುರುತು. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ನಂಬಬೇಡಿ. ಅವು ಬೂಟ್ ಆಗುವಾಗ ಕರ್ನಲ್‌ಗೆ ಕಂಡ ಕ್ರಮದಲ್ಲಿ ಸಿಗುವ ಹೆಸರು, ಇಂದಿನ ಎಸ್‌ಡಿಬಿ ನಾಳೆ ಎಸ್‌ಡಿಎ ಆಗಬಹುದು. ಸರ್ವರ್ ಚಾಲೂ ಇರುವಾಗಲೇ ಡಿಸ್ಕ್ ಬದಲಿಸಿದ್ದರೆ, ಹಳೇ ಎಸ್‌ಡಿಬಿಯನ್ನು ಯಾರೋ ಇನ್ನೂ ಹಿಡಿದುಕೊಂಡಿರುವ ಕಾರಣ ಹೊಸದು ಎಸ್‌ಡಿಸಿ ಎಂದು ಬರುತ್ತದೆ. ಆಗ ಎಸ್‌ಡಿಬಿ ಮೇಲೆ ಬರುವ ಎರರ್ ಕಪಾಟಿನಲ್ಲಿಟ್ಟ ಹಳೇ ಡಿಸ್ಕಿನದು! ನಂಬಬೇಕಾದದ್ದು ಸೀರಿಯಲ್ ನಂಬರ್ ಒಂದನ್ನೇ. ‘ಎಲ್‌ಎಸ್‌ಬಿಎಲ್‌ಕೆ -ಓ ನೇಮ್,ಸೈಜ್,ಮಾಡೆಲ್,ಸೀರಿಯಲ್,ಯುಯುಐಡಿ’ ಕೊಟ್ಟು ಬಂದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯುಯುಐಡಿ ಎಂದರೆ ಫಾರ್ಮ್ಯಾಟ್ ಮಾಡಿದಾಗ ಪಾರ್ಟಿಷನ್ನಿಗೆ ಸಿಗುವ ವಿಶಿಷ್ಟ ಗುರುತು. ತೆಗೆದ ಡಿಸ್ಕಿನ ಸೀರಿಯಲ್ ನಂಬರನ್ನೂ ಅದರ ಲೇಬಲ್ ನೋಡಿ ಪಕ್ಕದಲ್ಲಿ ಬರೆಯಿರಿ. ಮುಂದಿನ ಪ್ರತಿ ಹೆಜ್ಜೆಗೂ ಈ ಹಾಳೆ ಬೇಕು.

ಬೂಟ್ ಆಗುವಾಗ ಒಂದೂವರೆ ನಿಮಿಷ ನಿಂತರೆ

ಪರದೆಯ ಮೇಲೆ ಸ್ಟಾರ್ಟ್ ಜಾಬ್ ಓಡುತ್ತಿದೆ ಎಂದು ಕೆಂಪು ಚುಕ್ಕಿಗಳು ಅತ್ತಿತ್ತ ಓಡಾಡುತ್ತ, 1 ನಿಮಿಷ 30 ಸೆಕೆಂಡ್ ಎಣಿಸುತ್ತ ನಿಂತರೆ, ಅದು ಬೂಟ್ ಆಗುವಾಗ ಎಲ್ಲವನ್ನೂ ಶುರುಮಾಡುವ ಸಿಸ್ಟಮ್‌ಡಿ. ಇಲ್ಲದ ಪಾರ್ಟಿಷನ್ ಒಂದಕ್ಕೆ ಕಾಯುತ್ತಿದೆ. ಆ 90 ಸೆಕೆಂಡ್ ಅದರ ಮಾಮೂಲು ಗಡುವು. ಕಾರಣ ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿರುವ (ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕೆಂಬ ಪಟ್ಟಿ) ಹಳೇ ಯುಯುಐಡಿ. ರೇಡ್ ಮೇಲಿನ ಫೈಲ್ ಸಿಸ್ಟಮಿನ ಯುಯುಐಡಿ ಡಿಸ್ಕ್ ಬದಲಿಸಿದರೂ ಬದಲಾಗುವುದಿಲ್ಲ, ಆದ್ದರಿಂದ ಅದರ ಚಿಂತೆ ಬೇಡ. ಸಿಕ್ಕಿಹಾಕಿಕೊಳ್ಳುವುದು ರೇಡ್ ಹೊರಗೆ ಇಟ್ಟ ಪಾರ್ಟಿಷನ್ನುಗಳು. ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ) ಮತ್ತು ಇಎಫ್‌ಐ ಪಾರ್ಟಿಷನ್ (ಬೂಟ್ ಆಗಲು ಬೇಕಾದ ಫೈಲುಗಳ ಜಾಗ) ಸಾಮಾನ್ಯವಾಗಿ ಹಾಗೆಯೇ ಇರುತ್ತವೆ.

‘ಬಿಎಲ್‌ಕೆಐಡಿ’ ತೋರಿಸುವ ಯುಯುಐಡಿಗಳನ್ನು ಎಫ್‌ಎಸ್‌ಟ್ಯಾಬಿನ ಸಾಲುಗಳ ಜೊತೆ ಒಂದೊಂದಾಗಿ ತಾಳೆ ನೋಡಿ. ಹೊಸ ಡಿಸ್ಕಿನಲ್ಲಿ ‘ಎಂಕೆಸ್ವಾಪ್’ ಮಾಡಿದ್ದರೆ ಹೊಸ ಯುಯುಐಡಿ ಹುಟ್ಟಿರುತ್ತದೆ, ಅದನ್ನು ಎಫ್‌ಎಸ್‌ಟ್ಯಾಬಿಗೆ ಹಾಕಿ. ಮುಗಿದ ಮೇಲೆ ‘ಸಿಸ್ಟಮ್‌ಸಿಟಿಎಲ್ ಡೀಮನ್-ರಿಲೋಡ್’ ಕೊಡಿ, ನಂತರ ‘ಫೈಂಡ್‌ಎಂಎನ್‌ಟಿ --ವೆರಿಫೈ’ ಓಡಿಸಿ. ಈ ಎರಡನೆಯ ಕಮಾಂಡ್ ಬಹಳ ಜನರಿಗೆ ಗೊತ್ತಿಲ್ಲ. ಎಫ್‌ಎಸ್‌ಟ್ಯಾಬನ್ನು ಓದಿ, ಸಿಗದ ಸಾಧನ ಯಾವುದೆಂದು ರೀಬೂಟ್ ಮಾಡುವ ಮೊದಲೇ ಹೇಳಿಬಿಡುತ್ತದೆ. ಸರ್ವರ್ ಇಂಡಿ ಪಟ್ಟಣದಲ್ಲಿ, ನೀವು ವಿಜಯಪುರದಲ್ಲಿ ಇದ್ದರೆ ಇದು ಓಡಿಸದೆ ರೀಬೂಟ್ ಮಾಡಲೇಬೇಡಿ. ಇಎಫ್‌ಐ ಪಾರ್ಟಿಷನ್ ಸಿಗದಿದ್ದರೆ ಸಿಸ್ಟಮ್ ಎಮರ್ಜೆನ್ಸಿ ಮೋಡಿಗೆ ಹೋಗಿ, ಕೀಬೋರ್ಡ್ ಹಿಡಿದು ಯಾರಾದರೂ ಎದುರು ಕೂರುವವರೆಗೆ ಅಲ್ಲೇ ನಿಂತಿರುತ್ತದೆ. ರೂಟ್ ಖಾತೆಗೆ ಪಾಸ್‌ವರ್ಡ್ ಇಡದ ಸರ್ವರಿನಲ್ಲಿ ಎದುರು ಕೂತರೂ ಒಳಗೆ ಬಿಡುವುದಿಲ್ಲ. ಇಲ್ಲದೆಯೂ ನಡೆಯುವಂಥ ಪಾರ್ಟಿಷನ್ನುಗಳಿಗೆ ‘ನೋಫೇಲ್’ ಆಯ್ಕೆ ಸೇರಿಸುವುದು ಒಳ್ಳೆಯದು. ಬ್ಯಾಕಪ್ ಡಿಸ್ಕ್ ಇಂಥದ್ದು. ಡೇಟಾಬೇಸ್ ಇರುವ ಪಾರ್ಟಿಷನ್ನಿಗೆ ಮಾತ್ರ ಹಾಕಬೇಡಿ. ಅದು ಸಿಗದಿದ್ದಾಗಲೂ ಸಿಸ್ಟಮ್ ಎದ್ದು, ಖಾಲಿ ಫೋಲ್ಡರಿನಲ್ಲಿ ಹೊಸ ಲೆಕ್ಕ ಬರೆಯಲು ಶುರುಮಾಡಿದರೆ ಎರಡು ಲೆಕ್ಕ ಕೂಡಿಸುವುದು ಯಾರಿಂದಲೂ ಆಗದ ಕೆಲಸ.

ಎಫ್‌ಎಸ್‌ಟ್ಯಾಬ್ ಸರಿಮಾಡಿದ ಮೇಲೂ ಬೂಟಿನ ಮೊದಲ ಹಂತದಲ್ಲಿ, ಸಸ್ಪೆಂಡ್-ರೆಸ್ಯೂಮ್ ಸಾಧನಕ್ಕೆ ಕಾದು ಕೈಬಿಟ್ಟೆ ಎಂಬ ಸಾಲು ಬಂದರೆ, ಹಳೇ ಸ್ವಾಪಿನ ಗುರುತು ಇನಿಟ್‌ರಾಮ್‌ಎಫ್‌ಎಸ್ (ಬೂಟಿನ ಶುರುವಿಗೆ ಮೆಮೊರಿಗೆ ಬರುವ ಪುಟ್ಟ ಸಿಸ್ಟಮ್) ಒಳಗೂ ಇದೆ ಎಂದರ್ಥ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಅದು ಇಟಿಸಿ ಒಳಗಿನ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಫೋಲ್ಡರು, ಅದರಲ್ಲಿ ಕಾನ್ಫ್-ಡಾಟ್-ಡಿ, ಅದರಲ್ಲಿ ರೆಸ್ಯೂಮ್ ಎಂಬ ಫೈಲು. ಅಲ್ಲಿ ತಿದ್ದಿ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಕೊಡಬೇಕು. ರೆಡ್ ಹ್ಯಾಟ್ ಬಳಗದಲ್ಲಿ ಅದೇ ಯುಯುಐಡಿ ಬೂಟ್‌ಲೋಡರ್ ಆದ (ಕರ್ನಲ್ ಎಬ್ಬಿಸುವ ಪ್ರೋಗ್ರಾಂ) ಗ್ರಬ್‌ನ ಕರ್ನಲ್ ಸಾಲಿನಲ್ಲಿ ಕೂತಿರುತ್ತದೆ. ಅಲ್ಲಿ ತಿದ್ದಿದ ಮೇಲೆ ‘ಡ್ರಾಕಟ್ -ಎಫ್’.

ರೇಡ್ ಸರಿಯಿದ್ದರೂ ದಿನಾ ಬರುವ ಮೇಲ್

ಪ್ರಾಕ್ ಫೋಲ್ಡರಿನ ಎಂಡಿಸ್ಟಾಟ್ ಫೈಲನ್ನು ‘ಕ್ಯಾಟ್’ ಮಾಡಿ ನೋಡಿ. ಚೌಕ ಆವರಣದಲ್ಲಿ ಎರಡು ಯು ಅಕ್ಷರ ಕಂಡರೆ ಎರಡೂ ಡಿಸ್ಕ್ ಒಳಗಿವೆ. ಒಂದು ಯು, ಪಕ್ಕದಲ್ಲಿ ಅಡಿಗೆರೆ ಕಂಡರೆ ಹೊಸ ಡಿಸ್ಕ್ ಇನ್ನೂ ಸೇರಿಲ್ಲ. ಎರಡು ಯು, ಕೊನೆಗೊಂದು ಅಡಿಗೆರೆ ಇದ್ದರೆ ಯಾರೋ ಹೊಸದನ್ನು ಮೂರನೆಯ ಸದಸ್ಯನಾಗಿ ಸೇರಿಸಿದ್ದಾರೆ, ಹಳೆಯದರ ಜಾಗ ಖಾಲಿ ಬಿದ್ದಿದೆ. ಆಗ ರೇಡ್ ನಡೆಸುವ ಕಮಾಂಡಾದ ‘ಎಂಡಿಎಡಿಎಂ --ಗ್ರೋ’ ಜೊತೆ ರೇಡ್-ಡಿವೈಸಸ್ ಸಂಖ್ಯೆಯನ್ನು 2 ಎಂದು ಕೊಟ್ಟರೆ ಸರಿಹೋಗುತ್ತದೆ. ಹೇಳದೆ ಕೇಳದೆ ಕಿತ್ತ ಡಿಸ್ಕಿನ ನೆರಳು ಪಟ್ಟಿಯಲ್ಲಿ ಉಳಿದಿದ್ದರೆ ‘--ರಿಮೂವ್ ಡಿಟ್ಯಾಚ್ಡ್’ ಕೊಡಿ. ಈಗ ಇಲ್ಲದ ಡಿಸ್ಕಿಗೆ ಹೆಸರು ಹೇಳದೆಯೇ ತೆಗೆಯುವ ದಾರಿ ಇದು.

ಎಲ್ಲ ಸರಿಯಿದ್ದೂ ದಿನಾ ಬೆಳಿಗ್ಗೆ ಸ್ಪೇರ್ಸ್‌ಮಿಸ್ಸಿಂಗ್ ಎಂಬ ಮೇಲ್ ಬರುವುದು ನಾನು ಪದೇ ಪದೇ ನೋಡುವ ಕಾಯಿಲೆ. ಇದರ ಹುಟ್ಟು ತಿಳಿದರೆ ಮದ್ದು ತಾನೇ ಗೊತ್ತಾಗುತ್ತದೆ. ಡಿಸ್ಕ್ ಸೇರಿಸಿದ ಕೂಡಲೇ, ಸಿಂಕ್ ಇನ್ನೂ ನಡೆಯುತ್ತಿರುವಾಗಲೇ, ಕೆಲವರು ‘ಎಂಡಿಎಡಿಎಂ --ಡಿಟೇಲ್ --ಸ್ಕ್ಯಾನ್’ ಫಲಿತಾಂಶವನ್ನು ಎಂಡಿಎಡಿಎಂ ಕಾನ್ಫ್ ಫೈಲಿಗೆ ಬರೆದುಬಿಡುತ್ತಾರೆ. ಸಿಂಕ್ ಮುಗಿಯದ ಡಿಸ್ಕನ್ನು ರೇಡ್ ಸ್ಪೇರ್ (ಬದಲಿಗೆಂದು ಕಾದಿಟ್ಟ ಡಿಸ್ಕ್) ಎಂದೇ ಎಣಿಸುವುದರಿಂದ ಆ ಸಾಲಿನಲ್ಲಿ ‘ಸ್ಪೇರ್ಸ್=1’ ಸೇರಿಕೊಳ್ಳುತ್ತದೆ. ಸಿಂಕ್ ಮುಗಿದು ಅದು ಪೂರ್ಣ ಸದಸ್ಯನಾದ ಮೇಲೆ ಸ್ಪೇರ್ ಇರುವುದಿಲ್ಲ. ಕಾನ್ಫ್ ಫೈಲು ಒಂದಿದೆ ಎನ್ನುತ್ತದೆ, ನಿಜದಲ್ಲಿ ಇಲ್ಲ, ಅದಕ್ಕೇ ಮೇಲ್. ಆ ‘ಸ್ಪೇರ್ಸ್=1’ ಅಳಿಸಿ, ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಕೊಡಿ, ಏಕೆಂದರೆ ಅದೇ ಫೈಲಿನ ಪ್ರತಿ ಅಲ್ಲಿಯೂ ಇರುತ್ತದೆ. ಸ್ಕ್ಯಾನ್ ಮಾಡುವುದಿದ್ದರೆ ಸಿಂಕ್ ಮುಗಿದ ಮೇಲೆ ಮಾಡಿ.

ಇನ್ನೊಂದು, ಬೇರೆ ಯಂತ್ರದಲ್ಲಿ ಬಳಸಿದ ಡಿಸ್ಕ್ ಹಾಕಿದಾಗ ಕಾಣುವುದು. ಎಂಡಿಸ್ಟಾಟ್‌ನಲ್ಲಿ ನೀವು ಮಾಡದ ಎಂಡಿ127 ಎಂಬ ರೇಡ್ ಒಂದು ನಿಷ್ಕ್ರಿಯವಾಗಿ ಬಿದ್ದಿರುತ್ತದೆ. ಹಿಂದಿನ ಮನೆಯ ಸೂಪರ್‌ಬ್ಲಾಕನ್ನು (ಯಾವ ರೇಡಿನ ಸದಸ್ಯ ಎಂದು ಬರೆದ ಗುರುತು) ಡಿಸ್ಕ್ ಹೊತ್ತು ತಂದಿದೆ. ‘--ಸ್ಟಾಪ್’ ಮಾಡಿ, ಸೀರಿಯಲ್ ನಂಬರನ್ನು ಹಾಳೆಯೊಡನೆ ತಾಳೆ ನೋಡಿ, ಆ ಪಾರ್ಟಿಷನ್ನಿನ ಮೇಲೆ ‘--ಝೀರೋ-ಸೂಪರ್‌ಬ್ಲಾಕ್’. ಬಳಸಿದ ಡಿಸ್ಕನ್ನು ಹಾಕುವ ಮುಂಚೆಯೇ ಅದರ ಪಾರ್ಟಿಷನ್ನುಗಳ ಮೇಲೂ, ಆಮೇಲೆ ಇಡೀ ಡಿಸ್ಕಿನ ಮೇಲೂ ‘ವೈಪ್‌ಎಫ್‌ಎಸ್ -ಎ’ ಓಡಿಸಿದರೆ ಈ ಪ್ರಮೇಯವೇ ಬರುವುದಿಲ್ಲ.

ಪಾರ್ಟಿಷನ್ ಪಟ್ಟಿಯನ್ನು ಒಳ್ಳೆಯ ಡಿಸ್ಕಿನಿಂದ ಹೊಸದಕ್ಕೆ ನಕಲು ಮಾಡುವ ‘ಎಸ್‌ಜಿಡಿಸ್ಕ್ -ಆರ್’ ಬಗ್ಗೆಯೂ ಎಚ್ಚರ. ಆರ್ ದೊಡ್ಡಕ್ಷರ. ‘ಸಿಪಿ’ ಕಮಾಂಡಿನ ಕ್ರಮಕ್ಕೆ ಇದು ಉಲ್ಟಾ: ಮೊದಲು ಹೊಸ ಡಿಸ್ಕು, ಆಮೇಲೆ ಒಳ್ಳೆಯ ಡಿಸ್ಕು. ಹಿಂದುಮುಂದಾದರೆ ಖಾಲಿ ಪಟ್ಟಿ ತುಂಬಿದ ಡಿಸ್ಕಿನ ಮೇಲೆ ಬೀಳುತ್ತದೆ. ನಕಲಾದ ಮೇಲೆ ಹೊಸ ಡಿಸ್ಕಿಗೆ ದೊಡ್ಡಕ್ಷರದ ‘-ಜಿ’ ಕೊಡಬೇಕು. ಇಲ್ಲದಿದ್ದರೆ ಎರಡೂ ಡಿಸ್ಕಿಗೆ ಒಂದೇ ಗುರುತು ಉಳಿದು, ಪಾರ್ಟ್‌ಯುಯುಐಡಿ (ಪಾರ್ಟಿಷನ್ ಪಟ್ಟಿಯಲ್ಲಿನ ಗುರುತು) ಹೇಳಿ ಮೌಂಟ್ ಮಾಡಿದ್ದು ಒಂದು ಸಲ ಇದಕ್ಕೆ, ಒಂದು ಸಲ ಅದಕ್ಕೆ ಹೋಗುತ್ತದೆ.

ಸ್ಮಾರ್ಟ್‌ಡಿ ಹಳೇ ಡಿಸ್ಕನ್ನೇ ಕೇಳುತ್ತಿದ್ದರೆ

ಸಾಧನ ತೆರೆಯಲಾಗಲಿಲ್ಲ ಎಂಬ ಮೇಲ್ ಡಿಸ್ಕುಗಳ ಆರೋಗ್ಯ ನೋಡುವ ಸ್ಮಾರ್ಟ್‌ಡಿ ಕಡೆಯಿಂದ ಬರುತ್ತದೆ. ಅದು ಡಿಸ್ಕುಗಳ ಪಟ್ಟಿ ಮಾಡುವುದು ತಾನು ಶುರುವಾದಾಗ ಮಾತ್ರ. ಆಮೇಲೆ 30 ನಿಮಿಷಕ್ಕೊಮ್ಮೆ ಅದೇ ಪಟ್ಟಿ ಹಿಡಿದು ಓಡಾಡುತ್ತದೆ. ಚಾಲೂ ಇದ್ದಾಗಲೇ ಡಿಸ್ಕ್ ಬದಲಿಸಿದ್ದರೆ ಹಳೆಯದನ್ನು ಹುಡುಕಿ ದೂರುತ್ತದೆ, ಅದಕ್ಕಿಂತ ಕೆಟ್ಟದ್ದೆಂದರೆ ಹೊಸದನ್ನು ನೋಡುವುದೇ ಇಲ್ಲ. ಸರ್ವಿಸ್ ರೀಸ್ಟಾರ್ಟ್ ಮಾಡಿ. ಕಾನ್ಫ್ ಫೈಲಿನಲ್ಲಿ ಯಾರಾದರೂ ಎಸ್‌ಡಿಬಿ ಎಂದು ಕೈಯಾರೆ ಬರೆದಿದ್ದರೆ, ಅದನ್ನು ತೆಗೆದು ಡೆವ್-ಡಿಸ್ಕ್-ಬೈಐಡಿ ದಾರಿಯ ಹೆಸರು ಹಾಕಿ. ಅದರಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಝಾಬಿಕ್ಸ್, ನಾಗಿಯೋಸ್ ಮುಂತಾದ ನಿಗಾ ಪ್ರೋಗ್ರಾಂಗಳಲ್ಲೂ ಡಿಸ್ಕಿನ ಹೆಸರು ಹೀಗೇ ಉಳಿದಿರುತ್ತದೆ, ಅಲ್ಲಿಯೂ ನೋಡಿ.

ಎರರ್ ನಿಜವಾದದ್ದಾದರೆ

ಇಷ್ಟೆಲ್ಲ ಪಕ್ಕಕ್ಕಿಟ್ಟ ಮೇಲೂ ಕರ್ನಲ್ ಲಾಗಿನಲ್ಲಿ ಇಂದಿನ ಹೊತ್ತಿನ ಸಾಲು ಬರುತ್ತಿದ್ದರೆ ಮನಸ್ಸಿಟ್ಟು ಓದಿ. ಎರಡು ಬೇರೆ ಬೇರೆ ರೋಗಗಳಿವೆ, ಎರಡಕ್ಕೂ ಲಕ್ಷಣ ಬೇರೆ.

ಒಂದು, ದಾರಿಯ ರೋಗ. ಬ್ಯಾಡ್‌ಸಿಆರ್‌ಸಿ, ಹಾರ್ಡ್ ರೀಸೆಟ್ಟಿಂಗ್ ಲಿಂಕ್ ಎಂಬ ಪದಗಳು, ಆಮೇಲೆ ಲಿಂಕ್ ವೇಗ 6 ಗಿಗಾಬಿಟ್‌ನಿಂದ 3ಕ್ಕೆ, ಅಲ್ಲಿಂದ 1.5ಕ್ಕೆ ಇಳಿದದ್ದು ಕಂಡರೆ ದತ್ತಾಂಶ ಡಿಸ್ಕಿನಿಂದ ಮದರ್‌ಬೋರ್ಡಿಗೆ ಬರುವ ನಡುವೆ ಕೆಡುತ್ತಿದೆ. ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಟ್ಟು ಐಡಿ ಸಂಖ್ಯೆ 199 ಇರುವ ಸಾಲು ನೋಡಿ. ಅದು ಸಿಆರ್‌ಸಿ ತಪ್ಪುಗಳ, ಅಂದರೆ ದಾರಿಯಲ್ಲಿ ಕೆಟ್ಟ ದತ್ತಾಂಶದ ಲೆಕ್ಕ. ಅದು ಡಿಸ್ಕಿನೊಳಗೆ ಬರೆದಿಟ್ಟ ಲೆಕ್ಕ, ಕೇಬಲ್ ಬದಲಿಸಿದರೂ ಸೊನ್ನೆಯಾಗುವುದಿಲ್ಲ. ಸಂಖ್ಯೆ ಎಷ್ಟಿದೆ ಎಂಬುದಕ್ಕಿಂತ ಏರುತ್ತಿದೆಯೇ ಎಂಬುದು ಮುಖ್ಯ. ಬರೆದಿಟ್ಟುಕೊಳ್ಳಿ, ಸಾಟಾ ಕೇಬಲ್ ಬದಲಿಸಿ, ಡಿಸ್ಕನ್ನು ಪೂರ್ತಿ ಓದಿಸಿ, ಮತ್ತೆ ನೋಡಿ.

ಪೂರ್ತಿ ಓದಿಸುವುದು ಹೇಗೆ ಎಂಬುದನ್ನು ಒತ್ತಿ ಹೇಳಬೇಕು. ಸ್ಮಾರ್ಟ್ ಲಾಂಗ್ ಟೆಸ್ಟ್ ಪಾಸಾಯಿತು, ಆದ್ದರಿಂದ ಎಲ್ಲ ಸರಿ ಎಂದು ಬಹಳ ಜನ ನಂಬುತ್ತಾರೆ. ಲಾಂಗ್ ಟೆಸ್ಟ್ ನಡೆಯುವುದು ಡಿಸ್ಕಿನ ಒಳಗೇ. ಅದು ತನ್ನ ತಟ್ಟೆಗಳನ್ನು ತಾನೇ ಓದಿಕೊಳ್ಳುತ್ತದೆ, ಓದಿದ್ದು ಕೇಬಲ್ ದಾಟಿ ಹೊರಗೆ ಬರುವುದಿಲ್ಲ. ಕೇಬಲ್ ಕೆಟ್ಟಿದ್ದರೂ ಟೆಸ್ಟ್ ಪಾಸಾಗಬಹುದು. ಕೇಬಲ್ ಪರೀಕ್ಷಿಸಬೇಕಾದರೆ ‘ಡಿಡಿ’ಯಿಂದ ಇಡೀ ಡಿಸ್ಕನ್ನು ಓದಿ ಡೆವ್-ನಲ್‌ಗೆ ಸುರಿಯಿರಿ, ಇಲ್ಲವೇ ರೇಡ್‌ನ ಸಿಂಕ್-ಆ್ಯಕ್ಷನ್ ಫೈಲಿಗೆ ‘ಚೆಕ್’ ಎಂದು ಬರೆಯಿರಿ. ‘ಡಿಡಿ’ಯಲ್ಲಿ ಐಎಫ್ ಕಡೆ ಡಿಸ್ಕು, ಓಎಫ್ ಕಡೆ ನಲ್, ಇದನ್ನು ಎರಡು ಸಲ ಓದಿ ಎಂಟರ್ ಒತ್ತಿ.

ಕೇಬಲ್ ಬದಲಿಸಿದರೂ 199 ಏರಿದರೆ ಪೋರ್ಟ್ ಅದಲುಬದಲು ಮಾಡಿ. ಎರರ್ ಡಿಸ್ಕಿನ ಹಿಂದೆ ಹೋಯಿತೋ, ಪೋರ್ಟಿನಲ್ಲೇ ಉಳಿಯಿತೋ ನೋಡಿ. ಪೋರ್ಟಿನಲ್ಲೇ ಉಳಿದರೆ ಹೊಸ ಡಿಸ್ಕ್ ನಿರಪರಾಧಿ, ಬಹುಶಃ ನೀವು ತೆಗೆದ ಹಳೆಯದೂ ನಿರಪರಾಧಿ. ಒಂದೇ ಪವರ್ ವೈರನ್ನು ಸೀಳಿ ಎರಡು ಮೂರು ಡಿಸ್ಕಿಗೆ ಕೊಟ್ಟಿದ್ದರೆ ಅದನ್ನೂ ಬಿಡಿಸಿ ನೋಡಿ. ಇಲ್ಲಿನ ಬೇಸಿಗೆಯ ಧೂಳು ಕನೆಕ್ಟರಿನೊಳಗೆ ಹೋಗುತ್ತದೆ. ಡಿಸ್ಕ್ ಬದಲಿಸುವಾಗ ಕೈ ತಾಗಿ ಪಕ್ಕದ ಕೇಬಲ್ ಸಡಿಲವಾಗುವುದೂ ಉಂಟು, ಬದಲಿಸಿದ ಮರುದಿನವೇ ಎರರ್ ಶುರುವಾಗಲು ಇದೊಂದು ಸಹಜ ಕಾರಣ.

ಎರಡನೆಯದು ಮೇಲ್ಮೈ ರೋಗ, ಇದೇ ಹೆಚ್ಚು ಅಪಾಯದ್ದು. ಐಡಿ ಸಂಖ್ಯೆ 5, 197, 198 ಇರುವ ಸಾಲುಗಳು: ಬದಲಿ ಜಾಗಕ್ಕೆ ಹೋದ ಸೆಕ್ಟರು, ಓದಲಾಗದೆ ಕಾಯುತ್ತಿರುವ ಸೆಕ್ಟರು, ಸರಿಪಡಿಸಲಾಗದ ಸೆಕ್ಟರು. ಆದರೆ ಇವನ್ನು ಹೊಸ ಡಿಸ್ಕಿನಲ್ಲಿ ನೋಡಿ ನಿಲ್ಲಿಸಬೇಡಿ, ಉಳಿದ ಹಳೇ ಜೊತೆಗಾರ ಡಿಸ್ಕಿನಲ್ಲಿ ನೋಡಿ. ರೇಡ್ ಮರುಸಿಂಕ್ ಆಗುವಾಗ ಆ ಡಿಸ್ಕಿನ ಮೂಲೆಮೂಲೆಯನ್ನೂ ಓದಬೇಕಾಗುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಫೈಲುಗಳ ಕೆಳಗೆ ಕೂತ ಕೆಟ್ಟ ಸೆಕ್ಟರು ಆಗಲೇ ಬಯಲಿಗೆ ಬರುವುದು. ಎರಡೂ ಡಿಸ್ಕ್ ಒಂದೇ ದಿನ ಕೊಂಡವು, ಒಂದೇ ಬಿಸಿಲಲ್ಲಿ ದುಡಿದವು. ಲಾಗಿನಲ್ಲಿ ಎರರ್ ಹೇಳುವ ಸೀರಿಯಲ್ ನಂಬರ್ ಇದರದಾಗಿದ್ದರೆ ಬೇರೆಲ್ಲ ಬಿಟ್ಟು ಬ್ಯಾಕಪ್ ತೆಗೆಯಿರಿ, ಎರಡನೇ ಡಿಸ್ಕಿಗೂ ಆರ್ಡರ್ ಕೊಡಿ.

ಇದರದೇ ಒಂದು ಬಾಲ ಇದೆ. ಮರುಸಿಂಕ್ ನಡೆಯುವಾಗ ಮೂಲ ಡಿಸ್ಕಿನಲ್ಲಿ ಓದಲಾಗದ ಜಾಗ ಸಿಕ್ಕರೆ, ರೇಡ್ ಆ ಜಾಗವನ್ನು ಹೊಸ ಡಿಸ್ಕಿನ ಕೆಟ್ಟ-ಬ್ಲಾಕ್ ಪಟ್ಟಿಯಲ್ಲೂ ಬರೆದುಕೊಳ್ಳುತ್ತದೆ. ಹೊಸ ಡಿಸ್ಕ್ ಅಪ್ಪಟ ಚೆನ್ನಾಗಿದ್ದರೂ ಅಲ್ಲಿ ಇಡಬೇಕಾದ ದತ್ತಾಂಶವೇ ಸಿಗಲಿಲ್ಲವಲ್ಲ. ಮುಂದೆ ಆ ಫೈಲ್ ತೆರೆದಾಗಲೆಲ್ಲ ಐಓ ಎರರ್ ಬರುತ್ತದೆ, ಸ್ಮಾರ್ಟ್ ವರದಿಯಲ್ಲಿ ಹೊಸ ಡಿಸ್ಕ್ ನಿರ್ಮಲ. ‘ಎಂಡಿಎಡಿಎಂ --ಎಕ್ಸಾಮಿನ್-ಬ್ಯಾಡ್‌ಬ್ಲಾಕ್ಸ್’ ಎಂದು ಆ ಪಾರ್ಟಿಷನ್ನನ್ನು ಕೇಳಿದರೆ ಪಟ್ಟಿ ಸಿಗುತ್ತದೆ. ಪಟ್ಟಿ ಅಳಿಸುವ ದಾರಿಯೂ ಇದೆ: ರೇಡ್ ನಿಲ್ಲಿಸಿ, ಮತ್ತೆ ಅಸೆಂಬಲ್ ಮಾಡುವಾಗ ‘--ಅಪ್‌ಡೇಟ್=ಫೋರ್ಸ್-ನೋ-ಬಿಬಿಎಲ್’. ಆದರೆ ಪಟ್ಟಿ ಅಳಿಸಿದರೆ ಕಳೆದ ದತ್ತಾಂಶ ಮರಳುವುದಿಲ್ಲ, ಆ ಜಾಗದಲ್ಲಿರುವ ಕಸ ಫೈಲಿನ ಭಾಗವಾಗಿ ಓದಿಸಿಕೊಳ್ಳುತ್ತದೆ. ಮೊದಲು ಯಾವ ಫೈಲು ಎಂದು ಹುಡುಕಿ, ಪಟ್ಟಿ ಅಳಿಸಿದ ಕೂಡಲೇ ಬ್ಯಾಕಪ್ಪಿನಿಂದ ಆ ಫೈಲನ್ನು ಮತ್ತೆ ತನ್ನಿ. ಸಂಘದ ಸದಸ್ಯರ ಠೇವಣಿ ಲೆಕ್ಕದ ಫೈಲಾದರೆ ಇದರಲ್ಲಿ ಅವಸರ ಸಲ್ಲದು.

ಎಲ್‌ವಿಎಂ, ಕಂಟ್ರೋಲರ್, ದೀಪ

ಎಲ್‌ವಿಎಂ (ಹಲವು ಡಿಸ್ಕುಗಳನ್ನು ಒಂದು ಗುಂಪಾಗಿಸಿ ಹಂಚುವ ವ್ಯವಸ್ಥೆ) ಬಳಸುವಲ್ಲಿ ‘ಪಿವಿಎಸ್’ ಕೊಟ್ಟಾಗ ಇಂಥ ಯುಯುಐಡಿಯ ಸಾಧನ ಸಿಗಲಿಲ್ಲ ಎಂದು ಬಂದರೆ ಹಳೇ ಡಿಸ್ಕ್ ಗುಂಪಿನಲ್ಲೇ ಉಳಿದಿದೆ. ‘ವಿಜಿರೆಡ್ಯೂಸ್ --ರಿಮೂವ್‌ಮಿಸ್ಸಿಂಗ್’ ತೆಗೆಯುತ್ತದೆ. ಅದು ಒಪ್ಪದೆ, ‘--ಫೋರ್ಸ್’ ಕೊಡು ಎಂದರೆ ಕೈ ತಡೆಯಿರಿ: ಆ ಡಿಸ್ಕಿನ ಮೇಲೆ ತುಣುಕು ಇದ್ದ ಲಾಜಿಕಲ್ ವಾಲ್ಯೂಮುಗಳನ್ನೂ ಅದು ತೆಗೆದುಹಾಕುತ್ತದೆ. ರೆಡ್ ಹ್ಯಾಟ್ 9ರಲ್ಲಿ ಡಿಸ್ಕುಗಳ ಪಟ್ಟಿ ಪ್ರತ್ಯೇಕ ಫೈಲಿನಲ್ಲಿದೆ. ‘ಎಲ್‌ವಿಎಂಡಿವೈಸಸ್ --ಚೆಕ್’ ಕೊಟ್ಟರೆ ಹಳೆಯ ಹೆಸರು ತೋರಿಸುತ್ತದೆ.

ಹಾರ್ಡ್‌ವೇರ್ ರೇಡ್ ಕಾರ್ಡ್ ಇದ್ದಲ್ಲಿ, ಬೇರೆ ಸರ್ವರಿನ ಡಿಸ್ಕ್ ಹಾಕಿದಾಗ ಫಾರಿನ್ ಕಾನ್ಫಿಗರೇಷನ್ ಎಂದು ಪ್ರತಿ ಬೂಟಿಗೂ ಕೇಳುತ್ತದೆ. ಆ ಡಿಸ್ಕಿನಲ್ಲಿ ಬೇಕಾದ್ದು ಏನೂ ಇಲ್ಲವೆಂದು ಖಚಿತವಾದ ಮೇಲೆ ಕ್ಲಿಯರ್ ಮಾಡಿ, ಇಂಪೋರ್ಟ್ ಒತ್ತಬೇಡಿ. ಸರ್ವರಿನ ಮುಂಭಾಗದ ಕಿತ್ತಳೆ ದೀಪ ಆರದಿದ್ದರೆ ಬಿಎಂಸಿಯ (ಹಾರ್ಡ್‌ವೇರ್ ಮೇಲೆ ಕಣ್ಣಿಡುವ ಪ್ರತ್ಯೇಕ ಚಿಪ್) ಲಾಗ್ ನೋಡಿ: ‘ಐಪಿಎಂಐಟೂಲ್ ಸೆಲ್ ಲಿಸ್ಟ್’. ಅದನ್ನು ಒಂದು ಫೈಲಿಗೆ ಉಳಿಸಿಕೊಂಡು, ಆಮೇಲೆ ‘ಸೆಲ್ ಕ್ಲಿಯರ್’.

ಮೌನವಾಗಿ ಉಳಿಯುವ ಎರರ್

ಕೊನೆಯದು ಯಾವ ಲಾಗಿನಲ್ಲೂ ಕಾಣುವುದಿಲ್ಲ. ಹೊಸ ಡಿಸ್ಕಿಗೆ ಬೂಟ್‌ಲೋಡರ್ ಹಾಕದಿದ್ದರೆ ಸರ್ವರ್ ಉಳಿದ ಹಳೇ ಜೊತೆಗಾರ ಡಿಸ್ಕಿನಿಂದಲೇ ಎದ್ದು ಚೆನ್ನಾಗಿ ನಡೆಯುತ್ತಿರುತ್ತದೆ. ಆ ಡಿಸ್ಕ್ ಹೋದ ದಿನ ದತ್ತಾಂಶವೆಲ್ಲ ಹೊಸದರಲ್ಲಿ ಭದ್ರವಾಗಿದ್ದೂ ಯಂತ್ರ ಏಳುವುದಿಲ್ಲ. ರೇಡ್ ನಕಲು ಮಾಡುವುದು ತನ್ನ ಪಾರ್ಟಿಷನ್ನುಗಳನ್ನು ಮಾತ್ರ. ಬೂಟ್‌ಲೋಡರ್ ಅದರ ಹೊರಗಿದೆ. ಬಯಾಸ್ ಯಂತ್ರದಲ್ಲಿ ‘ಗ್ರಬ್-ಇನ್‌ಸ್ಟಾಲ್’ ಅನ್ನು ಹೊಸ ಡಿಸ್ಕಿನ ಮೇಲೂ ಓಡಿಸಿ, ನಂತರ ‘ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ’ ಕೊಟ್ಟು ಎರಡೂ ಡಿಸ್ಕಿಗೆ ಗುರುತು ಹಾಕಿ. ಈ ಎರಡನೆಯದನ್ನು ಬಿಟ್ಟರೆ, ತಿಂಗಳುಗಳ ನಂತರ ಅಪ್‌ಡೇಟ್ ಮಾಡುವಾಗ, ಗ್ರಬ್ ಇದ್ದ ಡಿಸ್ಕ್ ಈಗ ಇಲ್ಲ ಎಂದು ಇನ್‌ಸ್ಟಾಲ್ ನಡುವೆಯೇ ನಿಂತು ಕೇಳುತ್ತದೆ. ಇಎಫ್‌ಐ ಯಂತ್ರದಲ್ಲಿ ಹೊಸ ಡಿಸ್ಕಿನ ಇಎಫ್‌ಐ ಪಾರ್ಟಿಷನ್ ಫಾರ್ಮ್ಯಾಟ್ ಮಾಡಿ, ಒಳಗಿನ ಫೈಲುಗಳನ್ನು ನಕಲಿಸಿ, ‘ಇಎಫ್‌ಐಬೂಟ್‌ಎಂಜಿಆರ್’ನಿಂದ ಹೊಸ ನಮೂದು ಸೇರಿಸಿ, ಕಿತ್ತ ಡಿಸ್ಕಿನ ನಮೂದು ತೆಗೆಯಿರಿ.

ಈಗ ಅಳಿಸುವ ಹೊತ್ತು. ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ನೋಡಿ, ಕಾರಣ ಸರಿಹೋದವುಗಳನ್ನು ‘ರೀಸೆಟ್-ಫೇಲ್ಡ್’ ಮಾಡಿ. ‘ಎಂಡಿಎಡಿಎಂ --ಮಾನಿಟರ್ --ಸ್ಕ್ಯಾನ್ --ಒನ್‌ಶಾಟ್ --ಟೆಸ್ಟ್’ ಕೊಟ್ಟರೆ ಪ್ರತಿ ರೇಡ್‌ಗೆ ಒಂದು ಪರೀಕ್ಷಾ ಮೇಲ್ ಹೋಗುತ್ತದೆ, ಅದು ಮಾಲೀಕರಿಗೆ ಮುಟ್ಟಿತೇ ಎಂದು ಫೋನ್ ಮಾಡಿ ಕೇಳಿ. ಆಮೇಲೆ ಕಚೇರಿ ಮುಚ್ಚಿದ ಹೊತ್ತಿನಲ್ಲಿ, ಬ್ಯಾಕಪ್ ಕೈಯಲ್ಲಿಟ್ಟುಕೊಂಡು, ಬಯಾಸ್‌ನಲ್ಲಿ ಹೊಸ ಡಿಸ್ಕನ್ನು ಮೊದಲಿಗಿಟ್ಟು ಸರ್ವರ್ ಎದುರೇ ನಿಂತು ಒಮ್ಮೆ ರೀಬೂಟ್ ಮಾಡಿ.